ಸ್ಪಿಲ್ಸ್‌ಬಿ ಚರ್ಚ್‌ನ ಗುರಾಣಿ ಮೇಲಿರೋ ಶಿಲುಬೆಗೆ ಸರಿಯಾದ ಹೆಸ್ರು ಯಾವ್ದು? ಮೋಲಿನ್ನಾ, ರಿಸರ್ಸೆಲೀನಾ?

ಟ್ರೆಂಟ್_ದಂಡೆ:
ಎಲ್ರಿಗೂ ನಮಸ್ಕಾರ. ನಾನು ನಾಟಿಂಗ್‌ಹ್ಯಾಂನಲ್ಲಿ ಕೆಲಸ ಮಾಡ್ತಿರೋದು, ವೀಕೆಂಡ್ ಬಂತು ಅಂದ್ರೆ ಹಳೇ ಚರ್ಚ್‌ಗಳನ್ನ ಸುತ್ತೋ ಹುಚ್ಚು ನಾಲ್ಕು ವರ್ಷದಿಂದ ಹಿಡ್ದಿದೆ. ಹೋದ ಭಾನುವಾರ ಲಿಂಕನ್‌ಶೈರ್‌ನ ಸ್ಪಿಲ್ಸ್‌ಬಿಗೆ ಹೋಗಿದ್ದೆ. ಅಲ್ಲಿ ಸೇಂಟ್ ಜೇಮ್ಸ್ ಚರ್ಚ್‌ನಲ್ಲಿ ವಿಲೋಬಿ ಮನೆತನದವ್ರ ಸಮಾಧಿಗಳಿವೆ, 14ನೇ ಶತಮಾನದಿಂದ ಶುರುವಾಗಿರೋವು, ಕಲ್ಲಿನ ಯೋಧರು ಮಲಗಿದಾರೆ, ಹಿತ್ತಾಳೆ ಫಲಕಗಳೂ ಇವೆ, ನೋಡ್ತಾ ನಿಂತ್ರೆ ಹೊತ್ತು ಹೋಗಿದ್ದೇ ಗೊತ್ತಾಗಲ್ಲ. ಈ ಮನೆಯವ್ರ ಗುರಾಣಿ ನಾಲ್ಕು ಭಾಗ ಆಗಿರತ್ತೆ. ಎರಡು ಭಾಗದಲ್ಲಿ ಅಂಚೆಲ್ಲಾ ಹಲ್ಲುಹಲ್ಲಾಗಿರೋ ಶಿಲುಬೆ, ಇನ್ನೆರಡರಲ್ಲಿ ತೋಳಿನ ತುದಿ ಎರಡಾಗಿ ಸೀಳಿ ಆ ಕಡೆ ಈ ಕಡೆ ಕೊಂಬಿನ ಥರ ಬಾಗಿರೋ ಶಿಲುಬೆ. ಮೊದಲ್ನೇದು ಎನ್‌ಗ್ರೇಲ್ಡ್ ಅಂತ ನೆಟ್‌ನಲ್ಲಿ ಸಿಕ್ತು, ಅದ್ರ ಬಗ್ಗೆ ಡೌಟಿಲ್ಲ. ಎರಡ್ನೇದಕ್ಕೆ ಒಂದು ಪುಸ್ತಕ ಮೋಲಿನ್ ಅನ್ನತ್ತೆ, ಇನ್ನೊಂದು ರಿಸರ್ಸೆಲೀ ಅನ್ನತ್ತೆ, ನನ್ನ ಹತ್ರ ಇರೋ ಚಾರ್ಟ್‌ನಲ್ಲಿ ಇವೆರಡೂ ಬೇರೆಬೇರೆ ಚಿತ್ರ, ಜೊತೆಗೆ ಫ್ಲೋರಿ, ಪಟೋನ್ಸ್, ಪಟೀ ಅಂತ ಇನ್ನೂ ಒಂದು ರಾಶಿ ಇದೆ. ಫೋಟೊ ಝೂಮ್ ಮಾಡಿ ಮಾಡಿ ಕಣ್ಣು ನೋವು ಬಂತು. ಯಾರಿಗಾದ್ರೂ ಖಚಿತವಾಗಿ ಗೊತ್ತಿದ್ರೆ ಹೇಳಿ ಪ್ಲೀಸ್.

ಸಾಧನಕೇರಿ:
ಭಾಳ ಛಲೋ ವಿಷಯ ತಗದೀರಿ. ನನಗ ಒಂದ ಪ್ರಶ್ನೆ, ಮೊದಲ ಇಷ್ಟೊಂದು ಥರದ ಶಿಲುಬಿ ಯಾಕ ಬೇಕಾತು ಅವರಿಗೆ? ಕ್ರೈಸ್ತರ ಚಿಹ್ನೆ ಒಂದ ಅಲ್ರಿ?

ಗುರಾಣಿ_ಹುಡ್ಕಾಟ:
ಟ್ರೆಂಟ್ ಅವ್ರೇ, ನಿಮ್ಮ ಪ್ರಶ್ನೆಗೆ ನೇರ ಉತ್ತರ: ಎರಡೂ ಸರಿ, ಯಾಕಂದ್ರೆ ಆ ಗುರಾಣಿ ಹೊತ್ತಿದ್ದವ್ರಿಗೆ ನಿಮ್ಮ ಚಾರ್ಟ್‌ನಲ್ಲಿರೋ ವ್ಯತ್ಯಾಸ ಇರ್ಲೇ ಇಲ್ಲ. ಇದನ್ನ ನಾನು ಸುಮ್ಮನೆ ಹೇಳ್ತಿಲ್ಲ, ಸ್ವಲ್ಪ ಉದ್ದ ಆಗತ್ತೆ, ಓದಿ.

ಆ ಕೊಂಬಿನ ಶಿಲುಬೆ ಮೂಲತಃ ವಿಲೋಬಿಯವ್ರದ್ದಲ್ಲ, ಬೆಕ್ ಅನ್ನೋ ಮನೆತನದ್ದು. ಸ್ಪಿಲ್ಸ್‌ಬಿ ಪಕ್ಕದಲ್ಲೇ ಎರೆಸ್‌ಬಿ ಅಂತಿದೆಯಲ್ಲ, ಅದು ಅವ್ರ ಜಹಗೀರು. ಈ ಮನೆತನದಲ್ಲಿ ತುಂಬಾ ಹೆಸರು ಮಾಡಿದವ್ನು ಆಂಟನಿ ಬೆಕ್, ಡರ್ಹಮ್‌ನ ಬಿಷಪ್, 1311ರಲ್ಲಿ ತೀರ್ಕೊಂಡ. ಬಿಷಪ್ ಅಂದ್ರೆ ಜಪಮಾಲೆ ಹಿಡಿದು ಕೂತವ್ನು ಅಂದ್ಕೋಬೇಡಿ, ಸೈನ್ಯ ಇಟ್ಕೊಂಡಿದ್ದವ್ನು. 1300ರ ಜುಲೈನಲ್ಲಿ ಇಂಗ್ಲೆಂಡ್ ರಾಜ ಒಂದನೇ ಎಡ್ವರ್ಡ್ ಸ್ಕಾಟ್ಲೆಂಡ್‌ನ ಕೆರ್ಲಾವ್ರಕ್ ಕೋಟೆಗೆ ಮುತ್ತಿಗೆ ಹಾಕಿದ. ಅದ್ರ ಮೇಲೆ ಆಂಗ್ಲೋ-ನಾರ್ಮನ್ ಫ್ರೆಂಚಲ್ಲಿ ಒಂದು ಪದ್ಯ ಇದೆ, ಬಂದಿದ್ದ ಒಬ್ಬೊಬ್ಬ ಸರದಾರನ ಬಾವುಟದ ಬಣ್ಣ, ಚಿತ್ರ ಎಲ್ಲಾ ಹೇಳ್ಕೊಂಡು ಹೋಗತ್ತೆ. ಬಿಷಪ್ ತಾನು ಬರೋಕಾಗ್ದೆ 160 ಜನ ಸವಾರರನ್ನ ತನ್ನ ಬಾವುಟದ ಜೊತೆ ಕಳಿಸಿದ್ದ. ಆ ಬಾವುಟ ಹೇಗಿತ್ತು ಅಂದ್ರೆ ಕೆಂಪು ನೆಲದ ಮೇಲೆ ಎರ್ಮಿನ್ ತುಪ್ಪಳದ ಒಂದು "ಫೆರ್ ದ ಮೋಲಿನ್". ಕವಿ ಅಲ್ಲಿ ಕ್ರಾಸ್ ಅನ್ನೋ ಪದಾನೇ ಬಳಸಿಲ್ಲ ಗಮನಿಸಿ! ಫೆರ್ ದ ಮೋಲಿನ್ ಅಂದ್ರೆ ಗಿರಣಿ ಕಬ್ಬಿಣ. ಬೀಸೋ ಜೋಡಿಕಲ್ಲಲ್ಲಿ ಮೇಲಿನ ಕಲ್ಲಿನ ಮಧ್ಯದಲ್ಲಿ ಕೂರಿಸ್ತಿದ್ದ ಕಬ್ಬಿಣದ ತುಂಡು, ತುದಿಗಳು ಕವಲಾಗಿ ಕಲ್ಲನ್ನ ಹಿಡ್ಕೊಂಡಿರೋದು. ಅದೇ ಮುಂದೆ ಪುಸ್ತಕದವ್ರ ಕೈಯಲ್ಲಿ ಕ್ರಾಸ್ ಮೋಲಿನ್ ಆಯ್ತು. ಸುರುಳಿ ಇನ್ನೂ ಸ್ವಲ್ಪ ಜಾಸ್ತಿ ಸುತ್ತಿದ್ರೆ ರಿಸರ್ಸೆಲೀ ಅಂತ ಇನ್ನೊಂದು ಹೆಸ್ರು ಇಟ್ರು. ಚಿತ್ರ ಬರೆಯೋನು ಆ ದಿನ ಬ್ರಷ್ ಅರ್ಧ ಇಂಚು ಜಾಸ್ತಿ ತಿರುಗಿಸಿದ ಅಂತ ಕುಟುಂಬ ಬದಲಾಗತ್ತಾ? ಇಲ್ಲ ತಾನೇ.

ಕುಂಚ_ಮಸಿ:
ಗುರಾಣಿ ಅವ್ರು ಹೇಳಿದ್ದು ಕೈಯಲ್ಲಿ ಬರೆದು ನೋಡಿದವ್ರಿಗೆ ತಕ್ಷಣ ಅರ್ಥ ಆಗತ್ತೆ. ನಾನು ಗುರಾಣಿಗಳನ್ನ ಹಳೇ ಅಳತೆಯಲ್ಲಿ ಬರೆಯೋ ಅಭ್ಯಾಸ ಮಾಡ್ತಿದೀನಿ. ಸಾದಾ ಕ್ರಾಸ್ ಹಾಕಿದ್ರೆ ತೋಳು ಅಂಚಿನ ತನಕ ಹೋಗತ್ತೆ, ಏನೂ ಕಷ್ಟ ಇಲ್ಲ. ಆದ್ರೆ ತೋಳು ಅಂಚಿಗೆ ಮುಟ್ಟದೆ ಮಧ್ಯದಲ್ಲೇ ನಿಲ್ಲೋ ಕ್ರಾಸ್ ಆದ್ರೆ ಸುತ್ತ ಜಾಗ ಖಾಲಿ ಬೀಳತ್ತೆ, ಆ ಖಾಲಿ ಕಣ್ಣಿಗೆ ಚುಚ್ಚತ್ತೆ, ಆಗ ಕೈ ತಾನಾಗೇ ತುದಿನ ಅಗಲ ಮಾಡತ್ತೆ, ಬಾಗಿಸತ್ತೆ, ಒಂದು ಎಲೆ ಮೂಡಿಸತ್ತೆ. ಗುರಾಣಿ ಮೇಲೆ ಅಗಲ ಕೆಳಗೆ ಚೂಪು ಇರೋದ್ರಿಂದ ಮೇಲಿನ ಮೂರು ತೋಳಿಗೂ ಕೆಳಗಿನ ತೋಳಿಗೂ ಒಂದೇ ಥರ ತುದಿ ಬರೆಯೋಕೂ ಆಗಲ್ಲ. ಹಂಗಾಗಿ ಒಂದೇ ಗುರಾಣಿಯಲ್ಲಿ ಮೇಲಿನ ತೋಳು ಫ್ಲೋರಿ ಥರ, ಕೆಳಗಿನದ್ದು ಮೋಲಿನ್ ಥರ ಕಂಡ್ರೂ ಆಶ್ಚರ್ಯ ಪಡ್ಬೇಡಿ.

ಇವತ್ತಿನ ಪುಸ್ತಕದ ಲೆಕ್ಕದಲ್ಲಿ ಗುರುತು ಹಿಡಿಯೋದು ಸುಲಭ ಇದೆ. ತುದಿಗೆ ಎರಡು ಕೊಂಬು ಇದ್ರೆ ಮೋಲಿನ್, ಎರಡರ ಮಧ್ಯೆ ಮೂರನೇ ಮೊನೆ ಬಂದ್ರೆ ಫ್ಲೋರಿ, ಮೂರು ಮೊನೆ ಇದ್ದು ತೋಳೂ ಹೊರಗೆ ಹೋಗ್ತಾ ಅಗಲ ಆದ್ರೆ ಪಟೋನ್ಸ್, ಮೊನೆ ಇಲ್ದೆ ಬರೀ ಅಗಲ ಆಗಿ ನೇರ ಕತ್ತರಿಸಿದ್ರೆ ಪಟೀ. ಟ್ರೆಂಟ್ ಅವ್ರ ಫೋಟೊದಲ್ಲಿ ಎರಡೇ ಕೊಂಬು, ಸೋ ಮೋಲಿನ್ ಅಂತ ಬರ್ಕೊಳ್ಳಿ, ಯಾರೂ ತಪ್ಪು ಅನ್ನಲ್ಲ.

ಗುರಾಣಿ_ಹುಡ್ಕಾಟ:
ಕುಂಚ ಅವ್ರು ಪಟೀ ಅಂದ್ರಲ್ಲ, ಅಲ್ಲೇ ಇದೆ ನೋಡಿ ಮಜಾ. ಅದೇ ಕೆರ್ಲಾವ್ರಕ್ ಪದ್ಯದಲ್ಲಿ ವಿಲಿಯಂ ಲ್ಯಾಟಿಮರ್ ಅನ್ನೋನು ಬರ್ತಾನೆ, ಕೆಂಪು ನೆಲದ ಮೇಲೆ ಅಪ್ಪಟ ಚಿನ್ನದ "ಕ್ರೋಯಿ ಪಟೀ" ಹೊತ್ತಿದ್ದ ಅಂತ. ಈಗ ಲ್ಯಾಟಿಮರ್ ಗುರಾಣಿಗಳ ಚಿತ್ರ ಎಲ್ಲೇ ನೋಡಿ, ಮೂರು ಮೊನೆಯ ಶಿಲುಬೆ, ಇವತ್ತಿನ ಭಾಷೆಯಲ್ಲಿ ಪಟೋನ್ಸ್! ಕವಿ ತಪ್ಪು ಹೇಳಿದ್ನಾ? ಇಲ್ಲವೇ ಇಲ್ಲ. ಪಟೀ ಅನ್ನೋದು ಪ್ರಾಣಿ ಪಂಜ ಅನ್ನೋ ಅರ್ಥದ ಫ್ರೆಂಚ್ ಪದದಿಂದ ಬಂದಿದ್ದು, ಪಂಜ ಅಂದ್ಮೇಲೆ ಬೆರಳು ಇರ್ಬೇಕಲ್ಲ, ಆ ಮೂರು ಮೊನೆಗಳೇ ಬೆರಳು. 1300ರವ್ರ ಕಣ್ಣಿಗೆ ಅದೇ ಪಂಜದ ಶಿಲುಬೆ. ಆಮೇಲಿನ ಕಾಲದಲ್ಲಿ ಪುಸ್ತಕ ಬರೆಯೋರು ಈ ಹೆಸ್ರನ್ನ ಬೆರಳೇ ಇಲ್ಲದ ಇನ್ನೊಂದು ಆಕಾರಕ್ಕೆ ಅಂಟಿಸಿಬಿಟ್ರು, ಈಗ ಪಟೀ ಅಂದ ತಕ್ಷಣ ಎಲ್ರಿಗೂ ಜರ್ಮನ್ ಐರನ್ ಕ್ರಾಸ್ ಆಕಾರ ಕಣ್ಣಮುಂದೆ ಬರತ್ತೆ. ನನಗೆ ಬೇಜಾರಾಗೋದು ಎಲ್ಲಿ ಅಂದ್ರೆ, ಹೊಸ ಚಾರ್ಟ್ ಹಿಡ್ಕೊಂಡು ಹಳೇ ಪದ್ಯ ಓದಿ ಲ್ಯಾಟಿಮರ್ ಗುರಾಣಿ ತಪ್ಪಾಗಿ ಬರೆಯೋರು ಇವತ್ತಿಗೂ ಇದಾರೆ.

ಲೈಬ್ರರಿ_ಮೂಲೆ:
ಒಪ್ಕೋತೀನಿ, ಆದ್ರೆ ಪೂರ್ತಿ ಅಲ್ಲ. ಹೆಸ್ರುಗಳನ್ನ ಹೀಗೆ ಸಡಿಲ ಬಿಟ್ರೆ ಹುಡುಕೋದು ಹೇಗೆ? ಸಾವಿರಾರು ಮುದ್ರೆ, ಸಮಾಧಿ, ಗಾಜಿನ ಕಿಟಕಿ ಇರುವಾಗ ಒಂದು ಕಡೆ ಮೋಲಿನ್, ಒಂದು ಕಡೆ ಗಿರಣಿ ಕಬ್ಬಿಣ, ಒಂದು ಕಡೆ ರಿಸರ್ಸೆಲೀ ಅಂತ ಬರೆದಿಟ್ರೆ ಅದು ಒಂದೇ ಮನೆತನ ಅಂತ ಮುಂದಿನವ್ರಿಗೆ ಗೊತ್ತಾಗೋದು ಹೇಗೆ? ಮತ್ತೆ ಟ್ರೆಂಟ್ ಅವ್ರು ನೋಡಿದ್ದು ಹಿತ್ತಾಳೆ ಫಲಕ, ಕಲ್ಲು. ಬಣ್ಣ ಉಳಿದಿರಲ್ಲ. ಬಣ್ಣ ಇಲ್ಲದ ಕಡೆ ಆಕಾರ ಒಂದೇ ಸಾಕ್ಷಿ, ಅದನ್ನೂ ಬೇಡ ಅಂದ್ರೆ ಕೈಯಲ್ಲಿ ಏನುಳೀತು?

ಗುರಾಣಿ_ಹುಡ್ಕಾಟ:
ಒಳ್ಳೇ ಪ್ರಶ್ನೆ, ಇದಕ್ಕೆ ಸರಿಯಾಗಿ ಉತ್ತರ ಕೊಡ್ಬೇಕು. ಕ್ಯಾಟಲಾಗ್‌ಗೆ ಒಂದೇ ಪದ ಬೇಕು, ಖಂಡಿತ, ಇವತ್ತಿನ ಪದ ಹಾಕಿ, ಪಕ್ಕದಲ್ಲಿ ಹಳೇ ಬರಹದಲ್ಲಿ ಏನಿತ್ತೋ ಅದನ್ನೂ ಹಾಗೇ ಹಾಕಿ. ಆದ್ರೆ ಗುರುತು ಹಿಡಿಯೋಕೆ ತುದಿಯ ಸುರುಳಿಗಿಂತ ಗಟ್ಟಿ ಸಾಕ್ಷಿ ಇನ್ನೊಂದಿದೆ: ಪಕ್ಕದಲ್ಲಿ ಯಾರಿದಾರೆ ಅನ್ನೋದು. ಸ್ಪಿಲ್ಸ್‌ಬಿ ಗುರಾಣಿನೇ ತಗೊಳ್ಳಿ. ವಿಲೋಬಿಯವ್ರ ಸ್ವಂತ ಗುರಾಣಿ ಚಿನ್ನದ ನೆಲಕ್ಕೆ ನೀಲಿ ಜಾಲರಿ. ಅದನ್ನ ಬಿಟ್ಟು ಎರಡೂ ಶಿಲುಬೆ ತಗೊಂಡ್ರು, ಯಾಕೆ? ಬೆಕ್ ಮನೆ ಮಗಳು ಆಲಿಸ್ ವಿಲೋಬಿ ಮನೆಗೆ ಸೊಸೆಯಾಗಿ ಬಂದ್ಳು, ಅವಳ ಮಗ ರಾಬರ್ಟ್ ಬಿಷಪ್ ಬೆಕ್‌ಗೆ ವಾರಸುದಾರ ಆದ. ಗಿರಣಿ ಕಬ್ಬಿಣ ಹಂಗೆ ಬಂತು. ಆಮೇಲೆ ಮೂರನೇ ಲಾರ್ಡ್ ವಿಲೋಬಿ ಮದುವೆ ಆಗಿದ್ದು ಸೆಸಿಲಿ ಅಫರ್ಡ್‌ಳನ್ನ, ಅವಳಪ್ಪ 1337ರಲ್ಲಿ ಸಫೋಕ್‌ನ ಅರ್ಲ್ ಆದ ರಾಬರ್ಟ್ ಅಫರ್ಡ್. ಅವ್ರ ಗುರಾಣಿ ಕಪ್ಪು ನೆಲಕ್ಕೆ ಚಿನ್ನದ ಎನ್‌ಗ್ರೇಲ್ಡ್ ಶಿಲುಬೆ. 1382ರಲ್ಲಿ ಎರಡನೇ ಅರ್ಲ್ ವೆಸ್ಟ್‌ಮಿನ್‌ಸ್ಟರ್‌ನಲ್ಲಿ ಮೆಟ್ಟಿಲು ಹತ್ತುವಾಗ ಕುಸಿದುಬಿದ್ದು ತೀರ್ಕೊಂಡ, ಮಕ್ಕಳು ಉಳಿದಿರ್ಲಿಲ್ಲ, ಆಸ್ತಿ ಹಂಚಿಹೋಯ್ತು, ವಿಲೋಬಿಗೂ ಪಾಲು ಬಂತು, ಶಿಲುಬೆನೂ ಬಂತು. ಅಂದ್ರೆ ಟ್ರೆಂಟ್ ಅವ್ರು ಕಲ್ಲಲ್ಲಿ ನೋಡಿದ್ದು ಇಬ್ರು ಹೆಣ್ಣುಮಕ್ಕಳು ತಂದ ತವರಿನ ಪಾಲು. ಬಣ್ಣ ಇಲ್ದೇ ಇದ್ರೂ, ಸುರುಳಿ ಎಷ್ಟು ಸುತ್ತಿದ್ರೂ, ಎನ್‌ಗ್ರೇಲ್ಡ್ ಪಕ್ಕದಲ್ಲಿ ಕೊಂಬಿನ ಶಿಲುಬೆ, ಅದೂ ಸ್ಪಿಲ್ಸ್‌ಬಿಯಲ್ಲಿ ಅಂದ್ರೆ ವಿಲೋಬಿನೇ.

ಟ್ರೆಂಟ್_ದಂಡೆ:
ಇದನ್ನ ಓದಿ ಐದು ನಿಮಿಷ ಸುಮ್ನೆ ಕೂತಿದ್ದೆ. ಅಲ್ಲಿ ನಿಂತಾಗ ಚಿತ್ರದ ತುದಿ ಮಾತ್ರ ನೋಡ್ತಿದ್ದೆ, ಆಲಿಸ್ ಮತ್ತೆ ಸೆಸಿಲಿ ಇಬ್ರೂ ಆ ಗುರಾಣಿಯಲ್ಲಿದ್ದಾರೆ ಅಂತ ಹೊಳೀಲೇ ಇಲ್ಲ. ಇನ್ನೊಂದು ಕೇಳ್ಬೇಕು, ಬಿಷಪ್‌ದು ಎರ್ಮಿನ್ ಅಂದ್ರಿ, ವಿಲೋಬಿ ಕಾಲುಭಾಗದ ಬಣ್ಣದ ಚಿತ್ರಗಳಲ್ಲಿ ಬರೀ ಬೆಳ್ಳಿ ಅಂತಿದೆಯಲ್ಲ?

ಗುರಾಣಿ_ಹುಡ್ಕಾಟ:
ಹೌದು, ಬೆಳ್ಳಿ. ಎರ್ಮಿನ್ ಅಂದ್ರೂ ಬಿಳಿ ತುಪ್ಪಳಕ್ಕೆ ಕಪ್ಪು ಬಾಲದ ಚುಕ್ಕಿ ಅಷ್ಟೇ ಅಲ್ವಾ, ನೆಲ ಕೆಂಪೇ, ಶಿಲುಬೆ ಬಿಳೀನೇ.

ಸಾಧನಕೇರಿ:
ನನ್ನ ಪ್ರಶ್ನೆ ಹಂಗ ಉಳೀತಲ್ರಿ.

ಗುರಾಣಿ_ಹುಡ್ಕಾಟ:
ಕ್ಷಮಿಸಿ ಸಾಧನಕೇರಿ ಅವ್ರೇ, ಬಂದೆ. ಕಾರಣ ತುಂಬಾ ಸರಳ: ಸಾದಾ ಶಿಲುಬೆ ಬೇಗ ಖಾಲಿ ಆಯ್ತು. ಗುರಾಣಿ ಮೇಲೆ ವಂಶದ ಚಿತ್ರ ಹಾಕೋ ಪದ್ಧತಿ ಪಶ್ಚಿಮ ಯುರೋಪ್‌ನಲ್ಲಿ ಕುದುರಿದ್ದು 12ನೇ ಶತಮಾನದ ಮಧ್ಯದಲ್ಲಿ. ಬಣ್ಣ ಇದ್ದಿದ್ದೇ ಅಷ್ಟು: ಲೋಹ ಅಂದ್ರೆ ಚಿನ್ನ, ಬೆಳ್ಳಿ, ಬಣ್ಣ ಅಂದ್ರೆ ಕೆಂಪು, ನೀಲಿ, ಕಪ್ಪು, ಹಸಿರು, ಅಪರೂಪಕ್ಕೆ ನೇರಳೆ, ತುಪ್ಪಳ ಬೇರೆ. ಲೋಹದ ಮೇಲೆ ಲೋಹ ಇಡ್ಬಾರ್ದು, ಬಣ್ಣದ ಮೇಲೆ ಬಣ್ಣ ಇಡ್ಬಾರ್ದು, ದೂರದಿಂದ ಕಾಣಲ್ಲ ಅಂತ. ಲೆಕ್ಕ ಹಾಕಿ, ಸಾದಾ ಶಿಲುಬೆಗೆ ಎಷ್ಟು ಜೋಡಿ ಸಿಗತ್ತೆ? ಹತ್ತಿಪ್ಪತ್ತು ಅಷ್ಟೇ. ಕೆಂಪಲ್ಲಿ ಬಿಳಿ ಸಾದಾ ಶಿಲುಬೆ ನೋಡಿ, ಸವಾಯ್ ಕೌಂಟ್‌ಗಳದ್ದೂ ಅದೇ, ಹಾಸ್ಪಿಟಲರ್ ಯೋಧರ ಬಾವುಟವೂ ಅದೇ, ಡೆನ್ಮಾರ್ಕ್ ಬಾವುಟವೂ ಅದೇ, ವಿಯೆನ್ನಾ ನಗರದ್ದೂ ಅದೇ. ಇಷ್ಟು ದೊಡ್ಡವ್ರು ಹಿಡ್ಕೊಂಡ್ಮೇಲೆ ಸಣ್ಣ ಸರದಾರ ಏನ್ಮಾಡ್ಬೇಕು? ಅಂಚು ಕಚ್ಚಿಸಿದ, ತುದಿ ಸೀಳಿದ, ಸುತ್ತ ಹಕ್ಕಿ ಕೂರಿಸಿದ.

ಫ್ರಾನ್ಸಿನ ಮಾಂಟ್‌ಮೊರೆನ್ಸಿ ಮನೆಯವ್ರದ್ದು ಚಿನ್ನದ ನೆಲ, ಕೆಂಪು ಶಿಲುಬೆ, ನಾಲ್ಕು ಮೂಲೆಯಲ್ಲಿ ಒಟ್ಟು 16 ಪುಟ್ಟ ನೀಲಿ ಹದ್ದುಮರಿ. ಮೊದಲು ನಾಲ್ಕೇ ಇತ್ತು, 1214ರ ಬೂವಿನ್ ಯುದ್ಧದಲ್ಲಿ ಬಾವುಟಗಳನ್ನ ಗೆದ್ದಿದ್ದಕ್ಕೆ 16 ಆಯ್ತು ಅಂತ ಮನೆತನದ ಕಥೆ. ಕಥೆನ ನಂಬೋದು ಬಿಡೋದು ನಿಮಗೆ ಬಿಟ್ಟಿದ್ದು.

ಇನ್ನು ಎನ್‌ಗ್ರೇಲ್ಡ್: ಅಫರ್ಡ್‌ದು ಕಪ್ಪಲ್ಲಿ ಚಿನ್ನ ಅಂದ್ನಲ್ಲ, ಡನ್‌ಸ್ಟರ್‌ನ ಮೋಹನ್ ಅನ್ನೋ ಮನೆತನದ್ದು ಅದನ್ನೇ ತಿರುಗಿಸಿದ್ದು, ಹಳದಿ ನೆಲ, ಕಪ್ಪು ಎನ್‌ಗ್ರೇಲ್ಡ್ ಶಿಲುಬೆ. ಮೋಹನ್ ಅಂದ್ರೆ ನಮ್ಮ ಮೋಹನ ಅಲ್ಲ, ನಾರ್ಮನ್ ಹೆಸರು, ಅವ್ರ ಜಾನ್ ಅನ್ನೋನು ಕೆರ್ಲಾವ್ರಕ್ ಪದ್ಯದಲ್ಲೂ ಇದಾನೆ. ಬಣ್ಣ ಅದಲುಬದಲು ಆದ್ರೆ ಮನೆನೇ ಬೇರೆ. ಆದ್ರೆ ಅಂಚಿನ ಹಲ್ಲು ಚೂಪಾಗಿದ್ಯಾ ಬಳುಕಿದ್ಯಾ ಅನ್ನೋದು ಯಾರಿಗೂ ಬೇಕಿರ್ಲಿಲ್ಲ, ಇಂಡೆಂಟೆಡ್ ಅನ್ನೋದಕ್ಕೂ ಎನ್‌ಗ್ರೇಲ್ಡ್ ಅನ್ನೋದಕ್ಕೂ ಆ ಕಾಲದಲ್ಲಿ ಗೆರೆ ಎಳೆದಿರ್ಲಿಲ್ಲ, ಈಗ ಅವೆರಡೂ ಬೇರೆಬೇರೆ ಪಾಠ.

ಸಾಧನಕೇರಿ:
ಈಗ ತಿಳೀತು ನೋಡ್ರಿ. ಅಂದ್ರ ಭಕ್ತಿಗಿಂತ ಗುರುತು ಮುಖ್ಯ ಆಗಿತ್ತು. ಹಂಗಂದ್ರ ಶಿಲುಬಿ ಯುದ್ಧಕ್ಕ ಹೋದವ್ರ ಮನಿಯವ್ರ ಮಾತ್ರ ಶಿಲುಬಿ ಹಾಕ್ಕೋತಿದ್ರು ಅಂತ ಎಲ್ಲೋ ಓದಿದ್ದೆ, ಅದು ಸುಳ್ಳ?

ಗುರಾಣಿ_ಹುಡ್ಕಾಟ:
ಗುರಾಣಿಯಲ್ಲಿ ಶಿಲುಬೆ ಇದೆ ಅಂದ ಮಾತ್ರಕ್ಕೆ ಅಜ್ಜ ಜೆರುಸಲೇಂಗೆ ಹೋಗಿದ್ದ ಅಂತ ಹೇಳೋಕೆ ಬರಲ್ಲ. 1095ರಲ್ಲಿ ಕ್ಲೆರ್‌ಮಾಂಟ್‌ನಲ್ಲಿ ಪೋಪ್ ಎರಡನೇ ಅರ್ಬನ್ ಶಿಲುಬೆ ಯುದ್ಧಕ್ಕೆ ಕರೆ ಕೊಟ್ಟಾಗಿಂದ ಹೊರಟವ್ರು ಬಟ್ಟೆ ಮೇಲೆ ಶಿಲುಬೆ ಹೊಲ್ಕೊತಿದ್ರು, ಆದ್ರೆ ಅದು ಹರಕೆಯ ಗುರುತು, ವಂಶದ್ದಲ್ಲ. ಎಲ್ರೂ ಒಂದೇ ಹಾಕ್ಕೊಂಡ್ರೆ ಯಾರು ಯಾವ ಕಡೆ ಅಂತ ಗೊತ್ತಾಗಲ್ಲ ಅಂತ 1188ರ ಜನವರಿಯಲ್ಲಿ ಗಿಸೋರ್ ಹತ್ರ ಸೇರಿದಾಗ ಬಣ್ಣ ಹಂಚ್ಕೊಂಡ್ರು: ಫ್ರಾನ್ಸ್ ರಾಜನ ಕಡೆಯವ್ರಿಗೆ ಕೆಂಪು, ಇಂಗ್ಲೆಂಡ್ ರಾಜನ ಕಡೆಗೆ ಬಿಳಿ, ಫ್ಲಾಂಡರ್ಸ್ ಕಡೆಗೆ ಹಸಿರು. ಹೌದು, ಇಂಗ್ಲೆಂಡ್‌ಗೆ ಬಿಳಿ! ಮುಂದೆ ನೂರು ವರ್ಷದ ಯುದ್ಧದ ಹೊತ್ತಿಗೆ ಪೂರ್ತಿ ಉಲ್ಟಾ, ಇಂಗ್ಲಿಷರು ಕೆಂಪು, ಫ್ರೆಂಚರು ಬಿಳಿ. 1277ರ ವೇಲ್ಸ್ ದಂಡಯಾತ್ರೆಯ ಲೆಕ್ಕಪತ್ರಗಳಲ್ಲೇ ಸೇಂಟ್ ಜಾರ್ಜ್ ಗುರುತಿನ, ಅಂದ್ರೆ ಬಿಳಿ ಮೇಲೆ ಕೆಂಪು ಶಿಲುಬೆಯ, ಬಟ್ಟೆ ಖರ್ಚು ಕಾಣ್ಸತ್ತೆ.

1385ರಲ್ಲಿ ಎರಡನೇ ರಿಚರ್ಡ್ ಸ್ಕಾಟ್ಲೆಂಡ್ ಮೇಲೆ ಹೋಗುವಾಗ ಪ್ರತಿಯೊಬ್ಬ ಸೈನಿಕ ಎದೆ ಮೇಲೆ, ಬೆನ್ನ ಮೇಲೆ ದೊಡ್ಡ ಸೇಂಟ್ ಜಾರ್ಜ್ ಶಿಲುಬೆ ಹಾಕ್ಬೇಕು ಅಂತ ಕಟ್ಟಪ್ಪಣೆ ಮಾಡಿದ. ಅದೇ ವರ್ಷ ಆ ಕಡೆ ಸ್ಕಾಟರೂ ಹಂಗೇ, ಹಿಂದೆ ಮುಂದೆ ಸೇಂಟ್ ಆಂಡ್ರ್ಯೂನ ಬಿಳಿ ಓರೆ ಶಿಲುಬೆ, ಅಕಸ್ಮಾತ್ ಅಂಗಿನೇ ಬಿಳಿ ಆಗಿದ್ರೆ ಕಪ್ಪು ಬಟ್ಟೆ ತುಂಡಿನ ಮೇಲೆ ಶಿಲುಬೆ ಹೊಲೀಬೇಕು ಅಂತ. ಇದು ನನಗೆ ಭಾರೀ ಇಷ್ಟ, ಯಾಕಂದ್ರೆ ಲೋಹ-ಬಣ್ಣದ ನಿಯಮ ಯಾರೋ ಪಂಡಿತರು ಕೂತು ಮಾಡಿದ್ದಲ್ಲ, ಜೀವ ಉಳಿಸ್ಕೊಳ್ಳೋ ಲೆಕ್ಕ ಅನ್ನೋದು ಅಲ್ಲಿ ಕಾಣತ್ತೆ.

ಹಳೇ_ಕಾಸು:
ನಿಯಮ ಮುರಿದ ದೊಡ್ಡ ಉದಾಹರಣೆ ಮರೀಬೇಡಿ, ಜೆರುಸಲೇಂ ರಾಜ್ಯದ್ದು. ಬೆಳ್ಳಿ ನೆಲದ ಮೇಲೆ ಚಿನ್ನದ ಶಿಲುಬೆ, ನಾಲ್ಕು ಮೂಲೆಗೆ ನಾಲ್ಕು ಮರಿ ಶಿಲುಬೆ. ಲೋಹದ ಮೇಲೆ ಲೋಹ. ದೊಡ್ಡ ಶಿಲುಬೆಯ ತುದಿಗೆ ಅಡ್ಡಪಟ್ಟಿ ಇರತ್ತಲ್ಲ ಅದನ್ನ ಪೊಟೆಂಟ್ ಅಂತಾರೆ, ಹಳೇ ಮಾತಲ್ಲಿ ಊರುಗೋಲು ಅಂತ ಅರ್ಥ.

ಆದ್ರೆ ನಾನು ಹೇಳೋಕೆ ಬಂದಿದ್ದು ನಾಣ್ಯದ ವಿಷ್ಯ. ಒಂದು ಶಿಲುಬೆ ನಾಣ್ಯದಿಂದ ಗುರಾಣಿಗೆ ಹಾರಿ ಕೊನೆಗೆ ಒಬ್ಬನ ತಲೆನೇ ತೆಗೆಸ್ತು. ಇಂಗ್ಲೆಂಡ್‌ನ ಎಡ್ವರ್ಡ್ ದಿ ಕನ್ಫೆಸರ್ ಆಳಿದ್ದು 1042ರಿಂದ 1066, ಆಗ ಈ ಗುರಾಣಿ ವಿದ್ಯೆ ಹುಟ್ಟೇ ಇರ್ಲಿಲ್ಲ. ಅವನ ಒಂದು ಬೆಳ್ಳಿ ಪೆನ್ನಿಯ ಹಿಂಬದಿಯಲ್ಲಿ ಶಿಲುಬೆ, ನಾಲ್ಕು ಸಂದಿಯಲ್ಲಿ ನಾಲ್ಕು ಹಕ್ಕಿ. 13ನೇ ಶತಮಾನದಲ್ಲಿ ಮೂರನೇ ಹೆನ್ರಿ ವೆಸ್ಟ್‌ಮಿನ್‌ಸ್ಟರ್ ಆಬಿ ಹೊಸದಾಗಿ ಕಟ್ಟಿಸಿದಾಗ ಗೋಡೆಗೆ ಗುರಾಣಿಗಳನ್ನ ಕೆತ್ತಿಸಿದ, ಅಲ್ಲಿ ಸಂತ ರಾಜನಿಗೂ ಒಂದು ಬೇಕಲ್ಲ, ನಾಣ್ಯದ ಚಿತ್ರನೇ ಗುರಾಣಿ ಆಯ್ತು: ನೀಲಿ ನೆಲ, ಚಿನ್ನದ ಶಿಲುಬೆ, ಚಿನ್ನದ ಹಕ್ಕಿ ಐದು. ಗುರಾಣಿ ಅವ್ರು ಹೇಳಿದ ಕೆರ್ಲಾವ್ರಕ್ ಕೋಟೆ ಶರಣಾದಾಗ ಮೇಲೆ ಏರಿಸಿದ ಬಾವುಟಗಳಲ್ಲಿ ಸೇಂಟ್ ಜಾರ್ಜ್, ಸೇಂಟ್ ಎಡ್ಮಂಡ್ ಜೊತೆ ಈ ಸೇಂಟ್ ಎಡ್ವರ್ಡ್‌ದೂ ಒಂದು. ಮುಂದೆ ಎರಡನೇ ರಿಚರ್ಡ್ ತನ್ನ ಗುರಾಣಿ ಪಕ್ಕ ಇದನ್ನ ಸೇರಿಸ್ಕೊಂಡ, ತನಗೆ ಬೇಕಾದ ಕೆಲವ್ರಿಗೂ ಕೊಟ್ಟ, ಅದ್ರಲ್ಲಿ ಥಾಮಸ್ ಮೌಬ್ರೇ ಒಬ್ಬ. ಮೌಬ್ರೇ ರಕ್ತ ಹೋವರ್ಡ್ ಮನೆತನಕ್ಕೆ ಬಂತು. ಕಡೆಗೆ ಎಂಟನೇ ಹೆನ್ರಿ ಸಾಯೋ ಸ್ಥಿತಿಯಲ್ಲಿರುವಾಗ ಸರ್ರೆ ಅರ್ಲ್ ಹೆನ್ರಿ ಹೋವರ್ಡ್ ಈ ಗುರಾಣಿ ಹಾಕ್ಕೊಂಡಿದಾನೆ, ಸಿಂಹಾಸನದ ಮೇಲೆ ಕಣ್ಣಿದೆ ಅಂತ ರಾಜದ್ರೋಹದ ಕೇಸು. 1547ರ ಜನವರಿ 19ಕ್ಕೆ ತಲೆ ತೆಗೆದ್ರು. 28ಕ್ಕೆ ರಾಜನೂ ಸತ್ತ. ಒಂಬತ್ತೇ ದಿನ ರೀ! ಆ ಗುರಾಣಿನ ಸ್ವತಃ ಎಡ್ವರ್ಡ್ ಯಾವತ್ತೂ ಕಣ್ಣಲ್ಲೂ ಕಂಡಿರ್ಲಿಲ್ಲ. ಆ ಪೆನ್ನಿಯ ಚಿತ್ರ ನೋಡಿದಾಗೆಲ್ಲಾ ನನಗೆ ಮೈ ಜುಮ್ ಅನ್ನತ್ತೆ.

ಕುಂಚ_ಮಸಿ:
ಆ ಶಿಲುಬೆನ ನೋಡಿ, ಒಬ್ಬರು ಪಟೋನ್ಸ್ ಅಂತಾರೆ, ಒಬ್ಬರು ಫ್ಲೋರಿ ಅಂತಾರೆ. ಕೋರ್ಟಲ್ಲಿ ಸರ್ರೆ ತಲೆ ಹೋಗಿದ್ದು ತುದಿಯ ಆಕಾರಕ್ಕಲ್ಲ, ನೀಲಿ, ಚಿನ್ನ, ಹಕ್ಕಿ, ಅಷ್ಟಕ್ಕೇ.

ಮಲ್ಪೆ_ಗಾಳಿ:
ನಾನು ಇಷ್ಟು ಹೊತ್ತು ಸುಮ್ಮನೆ ಓದ್ತಾ ಇದ್ದೆ. ನಮ್ಮ ಕಡೆಗೂ ಇಂಥ ಒಂದು ಶಿಲುಬೆ ಬಂದದ್ದುಂಟು ಮಾರಾಯ್ರೆ. ಟೆಂಪ್ಲರ್ ಯೋಧರ ಸಂಘವನ್ನು ಪೋಪ್ 1312ರಲ್ಲಿ ಮುಚ್ಚಿಸಿದ ಮೇಲೆ ಪೋರ್ಚುಗಲ್ ರಾಜ ದಿನೀಶ್ ಅವರ ಆಸ್ತಿಯನ್ನೆಲ್ಲ ಸೇರಿಸಿ 1319ರಲ್ಲಿ ಆರ್ಡರ್ ಆಫ್ ಕ್ರೈಸ್ಟ್ ಅಂತ ಹೊಸದು ಮಾಡಿದ. ಅದರ ಗುರುತು ಕೆಂಪು ಶಿಲುಬೆ, ಒಳಗೆ ಸಪೂರ ಬಿಳಿ ಶಿಲುಬೆ, ತುದಿ ಸ್ವಲ್ಪ ಅಗಲ. ವಾಸ್ಕೋ ಡ ಗಾಮಾನ ಹಡಗಿನ ಹಾಯಿಯಲ್ಲಿ ಇದ್ದದ್ದು ಅದೇ. 1498ರಲ್ಲಿ ವಾಪಾಸು ಹೋಗುವಾಗ ಕಾರವಾರದ ಎದುರಿನ ಅಂಜುದೀವ್ ದ್ವೀಪದಲ್ಲಿ ನಿಂತಿದ್ದರಲ್ಲ. ನಮ್ಮ ಮಲ್ಪೆಯ ಸೇಂಟ್ ಮೇರೀಸ್ ದ್ವೀಪಕ್ಕೆ ಆ ಹೆಸರು ಬಂದದ್ದೂ ಗಾಮಾ ಅಲ್ಲಿ ಒಂದು ಕಂಬ ನೆಟ್ಟು ಸಾಂತಾ ಮರಿಯಾ ಅಂತ ಕರೆದದ್ದರಿಂದ ಅಂತ ಹೇಳ್ತಾರೆ. ಪದ್ರಾವ್ ಅಂತ ಅವರು ಊರೂರಲ್ಲಿ ನೆಡ್ತಿದ್ದ ಆ ಕಲ್ಲುಕಂಬದಲ್ಲಿ ಮೇಲೆ ಶಿಲುಬೆ, ಅದರ ಕೆಳಗೆ ಪೋರ್ಚುಗಲ್ ಗುರಾಣಿ. ಆ ಗುರಾಣಿಯಲ್ಲೂ ಐದು ಪುಟ್ಟ ನೀಲಿ ಗುರಾಣಿಗಳನ್ನು ಶಿಲುಬೆಯ ಹಾಗೇ ಜೋಡಿಸಿದ್ದಾರೆ, ಗೆರೆ ಎಳೆಯದೆಯೇ ಶಿಲುಬೆ ಆಯ್ತು.

ಲೈಬ್ರರಿ_ಮೂಲೆ:
ಇದು ಚೆನ್ನಾಗಿದೆ. ಹಾಗಾದ್ರೆ ನಮ್ಮ ಗಂಡಭೇರುಂಡ, ಚಾಲುಕ್ಯರ ವರಾಹ ಇವೂ ಹೆರಾಲ್ಡ್ರಿನೇ, ಅಂದ್ರೆ ಈ ಗುರಾಣಿ ವಿದ್ಯೆನೇ ಅಲ್ವಾ ಅಂತ ಯಾರಾದ್ರೂ ಕೇಳೇ ಕೇಳ್ತಾರೆ, ನಾನೇ ಕೇಳ್ಬಿಡ್ತೀನಿ.

ಗುರಾಣಿ_ಹುಡ್ಕಾಟ:
ವರಾಹ ರಾಜವಂಶದ ಮುದ್ರೆ, ಲಾಂಛನ, ಅದಕ್ಕೆ ಅದರದ್ದೇ ದೊಡ್ಡ ಚರಿತ್ರೆ ಇದೆ. ಇಲ್ಲಿ ಮಾತಾಡ್ತಿರೋದು ಒಬ್ಬ ಸಾಮಾನ್ಯ ಸರದಾರನೂ ಬಣ್ಣದ ಸಮೇತ ಹೊತ್ತು, ಮಗಳ ಮದುವೆ ಜೊತೆ ಇನ್ನೊಂದು ಮನೆಗೆ ದಾಟಿ, ಚಿತ್ರ ಇಲ್ದೇ ಬರೀ ಮಾತಲ್ಲಿ ಹೇಳಿದ್ರೂ ಕೇಳಿದವ್ನು ಬರೆಯೋ ಹಾಗಿರೋ ಪದ್ಧತಿ. ಎರಡನ್ನೂ ಒಂದೇ ಡಬ್ಬಿಗೆ ಹಾಕೋದು ಬೇಡ.

ಟ್ರೆಂಟ್_ದಂಡೆ:
ಬರೀ ಮಾತಲ್ಲಿ ಹೇಳಿದ್ರೂ ಬರೆಯೋ ಹಾಗಿರ್ಬೇಕು ಅಂದ್ರಲ್ಲ, ಅದನ್ನ ಬ್ಲೇಜನ್ ಅಂತಾರೆ ಅಂತ ಓದಿದ್ದೆ. ನನ್ನ ತಲೆಗೆ ಒಂದು ಬಂತು. ಈ ಪದಗಳೆಲ್ಲಾ ಮೂಲದಲ್ಲಿ ಗಿರಣಿ ಕಬ್ಬಿಣ, ಪ್ರಾಣಿ ಪಂಜ, ಊರುಗೋಲು ಅಂತ ದಿನಾ ಕಣ್ಣಿಗೆ ಬೀಳೋ ವಸ್ತುಗಳು ತಾನೇ. ಹಾಗಿದ್ಮೇಲೆ ವಿಲೋಬಿ ಗುರಾಣಿನ ಕನ್ನಡದಲ್ಲೇ ಹೇಳೋಕೆ ಯಾಕಾಗಲ್ಲ? ಟ್ರೈ ಮಾಡ್ದೆ, ತಿದ್ದಿ:

"ನಾಲ್ಕು ಪಾಲು. ಒಂದು, ನಾಲ್ಕು: ಕಪ್ಪು ನೆಲ, ಹೊನ್ನ ಶಿಲುಬೆ, ಅಂಚು ಕಚ್ಚಿದ್ದು. ಎರಡು, ಮೂರು: ಕೆಂಪು ನೆಲ, ಬೆಳ್ಳಿ ಶಿಲುಬೆ, ತುದಿ ಕವಲು."

ಕುಂಚ_ಮಸಿ:
ಅಯ್ಯೋ ಎಷ್ಟು ಚೆನ್ನಾಗಿದೆ! ಓದಿದ ತಕ್ಷಣ ಕೈ ಪೆನ್ಸಿಲ್‌ಗೆ ಹೋಯ್ತು. ಅಂಚು ಕಚ್ಚಿದ್ದು ಅನ್ನೋದು ಪಕ್ಕಾ, ದೋಸೆ ಅಂಚನ್ನ ಸುತ್ತ ಕಚ್ಚಿದ್ರೆ ಕಚ್ಚಿದ ಕಡೆ ಒಳಕ್ಕೆ ಬಾಗಿ ನಡುನಡುವೆ ಚೂಪು ಮೊನೆ ಉಳಿಯತ್ತಲ್ಲ, ಎನ್‌ಗ್ರೇಲ್ಡ್ ಅಂದ್ರೆ ಅದೇ, ಮೊನೆ ಹೊರಗಡೆಗೆ. ಆದ್ರೆ ಕವಲು ಅಂದ್ರೆ ನಾನು ವೈ ಆಕಾರದಲ್ಲಿ ನೇರ ಸೀಳಿಬಿಡ್ತೀನಿ, ಅದು ಫೋರ್ಚೀ ಆಗ್ಬಿಡತ್ತೆ, ಅದೇ ಬೇರೆ. ಬಾಗಿದ್ದು ಅಂತ ಬರ್ಬೇಕು.

ಸಾಧನಕೇರಿ:
ತುದಿ ಕೋಡು ಅನ್ರಿ. ಎತ್ತಿನ ಕೋಡು ಆ ಕಡೆ ಈ ಕಡೆ ಬಾಗಿರ್ತಾವಲ್ಲ.

ಗುರಾಣಿ_ಹುಡ್ಕಾಟ:
ಕೋಡು! ಇದಕ್ಕಿಂತ ಒಳ್ಳೇ ಪದ ಸಿಗಲ್ಲ. ಕೋಡು ಶಿಲುಬೆ ಅಂದ್ರೆ ಮೋಲಿನ್ನೂ ಸೇರ್ತು ರಿಸರ್ಸೆಲೀನೂ ಸೇರ್ತು, ಕೋಡು ಎಷ್ಟು ಬಾಗಿದೆ ಅನ್ನೋದು ಬರೆಯೋರಿಗೆ ಬಿಟ್ಟಿದ್ದು. ಲ್ಯಾಟಿಮರ್‌ದು "ಕೆಂಪು ನೆಲ, ಹೊನ್ನ ಪಂಜ ಶಿಲುಬೆ" ಅನ್ನಿ, 1300ರ ಕವಿ ಹೇಳಿದ್ದೂ ಅದನ್ನೇ. ಮೋಹನ್‌ದು "ಹೊನ್ನ ನೆಲ, ಕಪ್ಪು ಶಿಲುಬೆ, ಅಂಚು ಕಚ್ಚಿದ್ದು". ಕೆಳ ತೋಳು ನೆಲಕ್ಕೆ ಚುಚ್ಚೋ ಹಾಗೆ ಚೂಪಾಗಿರೋದು ಫಿಚೀ, ಹೋವರ್ಡ್ ಮನೆಯವ್ರ ಗುರಾಣಿಯಲ್ಲಿ ಅಂಥವು ಆರು ಪುಟ್ಟವು ಇವೆ, ತೋಳಿನ ತುದಿಯಲ್ಲಿ ಮತ್ತೆ ಅಡ್ಡಗೆರೆ ಬೇರೆ. ಅದಕ್ಕೆ ಏನನ್ನೋಣ?

ಮಲ್ಪೆ_ಗಾಳಿ:
ಗೂಟ ಶಿಲುಬೆ. ದೋಣಿ ಕಟ್ಟುವ ಗೂಟಕ್ಕೆ ಬುಡ ಹಾಗೇ ಚೂಪು ಮಾಡುವುದು.

ಟ್ರೆಂಟ್_ದಂಡೆ:
ಗೂಟ ಶಿಲುಬೆ ಸೇರಿಸ್ಕೊಂಡೆ. "ತುದಿ ಕವಲು" ಹೊಡೆದು "ತುದಿ ಕೋಡು" ಮಾಡ್ಕೊಂಡೆ. ಮುಂದಿನ ತಿಂಗಳು ಡಮ್‌ಫ್ರೀಸ್ ಕಡೆ ಹೋಗೋ ಪ್ಲಾನ್ ಇದೆ, ಕೆರ್ಲಾವ್ರಕ್ ಅಲ್ಲೇ ಹತ್ರ, ಮೂರು ಮೂಲೆಯ ಕೋಟೆಯಂತೆ, ಸುತ್ತ ನೀರಿನ ಕಂದಕ ಇನ್ನೂ ಇದೆಯಂತೆ. ಪದ್ಯದಲ್ಲಿ ಬರೋ ಶಿಲುಬೆ ಬಾವುಟಗಳನ್ನೆಲ್ಲ ಹೀಗೇ ಕನ್ನಡದಲ್ಲಿ ಬರ್ಕೊಂಡು ತಗೊಂಡು ಹೋಗಿ ಬಾಗಿಲ ಮುಂದೆ ನಿಂತು ಓದ್ಬೇಕು ಅಂತಿದೀನಿ. ಗುರಾಣಿ ಅವ್ರೇ, ಬಿಷಪ್ ಬೆಕ್‌ದು ಬೆಳ್ಳಿ ಅಲ್ಲ ಎರ್ಮಿನ್ ಅಂದ್ರಿ, ಎರ್ಮಿನ್‌ಗೆ ಕನ್ನಡದಲ್ಲಿ ಏನು ಬರ್ಕೊಳ್ಳಿ?

ಗುರಾಣಿ_ಹುಡ್ಕಾಟ:
"ಕೆಂಪು ನೆಲ, ಬಾಲಚುಕ್ಕಿ ತುಪ್ಪಳದ ಗಿರಣಿ ಕಬ್ಬಿಣ." ಶಿಲುಬೆ ಅನ್ನೋ ಪದ ಹಾಕ್ಬೇಡಿ ಅಲ್ಲಿ, ಕವಿನೂ ಹಾಕಿಲ್ಲ.